ಗಾನಯೋಗಿ ಶ್ರೀ ಪಂಚಾಕ್ಷರಿ ಗವಾಯಿಗಳವರು
ಮಠದ ನೆರಳಿನಲ್ಲಿ ಬೆಳೆದ ಮಕ್ಕಳ ಸಂಖ್ಯೆಯು ಕನ್ನಡ ನಾಡಿನಲ್ಲಿ ಅಲ್ಪವಾದುದಲ್ಲ. ತಂದೆತಾಯಿಗಳನ್ನು ಕಳೆದುಕೊಂಡವರು, ಬಡತನದ ಮೂಲಕ ಮನೆಯಲ್ಲಿ ಇರಲಾರದವರು, ಕಣ್ಣಿಲ್ಲದೆ ಹುಟ್ಟಿದವರು, ಇಂಥವರಿಗೆಲ್ಲ ಅನ್ನವಿಕ್ಕಿ ಅಕ್ಷರ ಕಲಿಸುವದನ್ನು ನಮ್ಮ ಮಠಗಳು ಶಿವಪೂಜೆಯ ಒಂದು ಅಂಗವೆಂದೇ ತಿಳಿದು ನಡೆಯಿಸಿಕೊಂಡು ಬಂದಿರುವವು. ಆದರೆ ಹೀಗೆ ಬೆಳೆದ ಬಾಲಕನು ಪ್ರಾಯಕ್ಕೆ ಬಂದು ಹೊಸ್ತಿಲನ್ನು ದಾಟಿ ಹೊರಗೆ ನಿಂತಾಗ ಅವನ ಗತಿಯೇನು? ಅವನಿಗೆ ಹಿಂದೆ ಮನೆಯಿಲ್ಲ, ಮುಂದೆ ಹೊಲವಿಲ್ಲ. ಇಂಥವರ ಮಗನೆಂದು ಹೇಳಿ ಎದೆಗೊಟ್ಟು ನಿಲ್ಲುವ ಬಂಧುಗಳಿಲ್ಲ. ಒಂದು ತುತ್ತಿನಿಂದ ಒಂದು ಹೊತ್ತಿನ ಹಸಿವು ಹಿಂಗುವದು. ಒಂದು ಬಾಳು ನೆಲೆಗೊಳ್ಳುವದಕ್ಕೆ ಬೇರೊಂದು ಬೇಕಾಗುವದು. ಆ ಬೇರೊಂದು ಯಾವದೆಂಬುದನ್ನು ತಮ್ಮ ಇಡೀ ಆಯುಷ್ಯವನ್ನೇ ಸವೆಯಿಸಿ ತೋರಿಸಿಕೊಟ್ಟ ಮಹನೀಯರು ಗದಗಿನ ವೀರೇಶ್ವರ ಪುಣ್ಯಾಶ್ರಮದ ಸಂಸ್ಥಾಪಕರಾದ ಗಾನಯೋಗಿ ಶ್ರೀ ಪಂಚಾಕ್ಷರಿ ಗವಾಯಿಗಳವರು. ಅವರು ತಾವೇ ಪರರ ಅನ್ನದಿಂದ ಬೆಳೆದವರು, ತಾವೇ ಕಣ್ಣಿಲ್ಲದವರು. ಆದುದರಿಂದ ಅನಾಥರ ಅಳಲು ಅವರಿಗೆ ಕೇಳಿ ತಿಳಿದ ಮಾತಾಗಿರದೆ ಉಂಡು ತಿಳಿದ ಸಂಗತಿಯಾಗಿದ್ದಿತು.

ಗವಾಯಿಗಳವರು 1892ನೆಯ ಇಸವಿಯ ಫೆಬ್ರವರಿ 2ರಂದು ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯೆಂಬ ಸಣ್ಣ ಗ್ರಾಮದಲ್ಲಿ ಜನ್ಮವೆತ್ತಿದರು. ಅಂದು ಧಾರವಾಡ ಜಿಲ್ಲೆಗೆ ಸೇರಿದ್ದ ಆ ಸೀಮೆಯು ಇಂದು ಹಾವೇರಿ ಜಿಲ್ಲೆಯಲ್ಲಿರುವದು. ತಂದೆ ಗುರುಪಾದಯ್ಯ ಚರಂತಿಮಠರು, ತಾಯಿ ನೀಲಮ್ಮನವರು. ಮಗುವಿಗೆ ಗದಿಗೆಯ್ಯನೆಂದು ಹೆಸರಿಟ್ಟರು. ಅಣ್ಣನಾದ ಗುರುಬಸಯ್ಯನಿಗೂ ಕಣ್ಣಿರಲಿಲ್ಲ. ತಮ್ಮನಾದ ಗದಿಗೆಯ್ಯನಿಗೂ ಇರಲಿಲ್ಲ. ಬಡ ಜಂಗಮರ ಮನೆಯಲ್ಲಿ ಇಬ್ಬರು ಗಂಡುಮಕ್ಕಳೂ ಹೀಗೆ ಹುಟ್ಟಿದಾಗ ಆ ತಾಯಿಯ ಒಡಲು ಎಷ್ಟು ಬೆಂದಿರಬೇಕೆಂಬುದನ್ನು ಊಹಿಸಬಹುದು. ಆದರೆ ಕಣ್ಣು ಕೊಡದ ಶಿವನು ಇಬ್ಬರಿಗೂ ಕಂಠವನ್ನು ಕೊಟ್ಟಿದ್ದನು. ಕೇಳಿದ ಪದವನ್ನು ಕೇಳಿದಂತೆಯೇ ಹಿಡಿದು ಹಾಡುವ ಶಕ್ತಿಯು ಆ ಹುಡುಗರಲ್ಲಿ ಎಳೆತನದಿಂದಲೂ ಕಂಡುಬಂದಿತು.

ಆ ಕಾಲವು ಎಂಥದಾಗಿತ್ತೆಂಬುದನ್ನು ಇಲ್ಲಿ ತುಸು ನೆನೆಯಬೇಕು. 1896ರಲ್ಲಿ ಮುಂಬಯಿಗೆ ಬಂದಿಳಿದ ಪ್ಲೇಗಿನ ಬೇನೆಯು 1898ರಲ್ಲಿ ಹುಬ್ಬಳ್ಳಿಯನ್ನು ಹೊಕ್ಕು ಮನೆಮನೆಗಳನ್ನು ಬರಿದು ಮಾಡಿತು. ಅದರ ಬೆನ್ನಿಗೇ 1899-1900ರ ಬರಗಾಲವು ಬಂದಿತು. ಮುಂದೆ 1918ರಲ್ಲಿ ಇನ್‌ಫ್ಲುಯೆಂಜಾ ಜ್ವರವು ದೇಶವನ್ನೆಲ್ಲ ವ್ಯಾಪಿಸಿತು. ಇಂಥ ಉಪದ್ರವಗಳಲ್ಲಿ ಹೆತ್ತವರನ್ನು ಕಳೆದುಕೊಂಡ ಮಕ್ಕಳು ಊರೂರಿಗೆ ಇದ್ದರು. ಕಣ್ಣಿಲ್ಲದ ಮಕ್ಕಳ ಪಾಡಂತೂ ಹೇಳತೀರದು. ಮೈಸೂರಿನಲ್ಲಿ 1901ರಲ್ಲಿ ಕಿವುಡರಿಗೂ ಅಂಧರಿಗೂ ಶಾಲೆಯೊಂದು ಆರಂಭವಾಗಿದ್ದಿತಾದರೂ ಹಾನಗಲ್ಲ ಸೀಮೆಯ ಬಡವರಿಗೆ ಮೈಸೂರು ಬಹು ದೂರದ ಮಾತು. ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಲಿಪಿಯು ಭಾರತೀಯ ಭಾಷೆಗಳಿಗೆಲ್ಲ ಒಂದೇ ಕ್ರಮದಲ್ಲಿ ಗೊತ್ತಾದದ್ದು 1951ರಲ್ಲಿ. ಹೀಗಾಗಿ ಕಣ್ಣಿಲ್ಲದವನಿಗೆ ಗುಡಿಯ ಮೆಟ್ಟಿಲು, ಜಾತ್ರೆಯ ದಾರಿ, ಸಂತೆಯ ಮೂಲೆ, ಇವೇ ಗತಿಯೆಂದು ಜನರು ತಿಳಿದಿದ್ದರು. ಅವನು ಹಾಡಿದರೆ ಅದು ಹಾಡೆನಿಸುತ್ತಿರಲಿಲ್ಲ, ಭಿಕ್ಷೆಯ ಕೂಗೆನಿಸುತ್ತಿತ್ತು.

ಇಂಥ ಸಮಯದಲ್ಲಿ ಆ ಇಬ್ಬರು ಬಾಲಕರ ಪುಣ್ಯವು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಮಹಾಸ್ವಾಮಿಗಳವರ ರೂಪದಿಂದ ಎದುರಿಗೆ ಬಂದಿತು. 1867ರಲ್ಲಿ ಜೋಯಿಸರಹರಳಹಳ್ಳಿಯಲ್ಲಿ ಅವತರಿಸಿದ ಆ ಯತಿವರ್ಯರು 1904ರಲ್ಲಿ ವೀರಶೈವ ಮಹಾಸಭೆಯನ್ನು ಹುಟ್ಟಿಸಿ, 1909ರಲ್ಲಿ ಬದಾಮಿಯ ಹತ್ತರ ಮಲಾಪಹಾರಿಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿ ಸಮಾಜಕ್ಕೆ ಹೊಸ ಚೈತನ್ಯವನ್ನು ತುಂಬಿದವರೆಂಬುದು ಸರ್ವರಿಗೂ ತಿಳಿದ ವಿಷಯವಾಗಿದೆ. ಈ ಬಾಲಕರ ಹಾಡು ಅವರ ಕಿವಿಗೆ ಬಿದ್ದಿತು. ಇತರರು ಆ ಹಾಡನ್ನು ಕೇಳಿ ಮರುಕಗೊಂಡು ಕಾಸು ಕೊಟ್ಟು ಹೋಗುತ್ತಿದ್ದರೇನೋ. ಶ್ರೀಗಳವರು ಅದರಲ್ಲಿ ಒಂದು ವಿದ್ಯೆಯ ಮೊಳಕೆಯನ್ನು ಕಂಡರು. ತಂದೆತಾಯಿಗಳನ್ನು ಒಡಂಬಡಿಸಿ ಮಕ್ಕಳನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಅವರ ಶಿಕ್ಷಣದ ಭಾರವನ್ನು ಹೊತ್ತರು. ಕಾಲಾಂತರದಲ್ಲಿ ಗದಿಗೆಯ್ಯನು ಪಂಚಾಕ್ಷರಿಯೆಂಬ ಹೆಸರಿನಿಂದ ಪ್ರಸಿದ್ಧನಾದನು.

ಶ್ರೀಗಳವರ ಪೋಷಣೆಯಲ್ಲಿ ಒಂದು ವಿಶೇಷವಿದ್ದಿತು. ಕಣ್ಣಿಲ್ಲದ ಹುಡುಗನಿಗೆ ಇಷ್ಟು ಸಾಕೆಂದು ಅವರು ಅಳತೆ ಹಾಕಲಿಲ್ಲ. ನಾಲ್ಕು ಭಜನೆಯ ಪದಗಳನ್ನು ಕಲಿಸಿ ಮಠದ ಮೂಲೆಯಲ್ಲಿ ಕೂಡ್ರಿಸಿದ್ದರೆ ಬಹುಜನರು ಅದನ್ನೇ ದೊಡ್ಡ ಉಪಕಾರವೆನ್ನುತ್ತಿದ್ದರು. ಶ್ರೀಗಳವರಾದರೋ ಬಾಲಕನಿಗೆ ಮೈಸೂರು ಪ್ರಾಂತದಲ್ಲಿ ಕರ್ನಾಟಕ ಸಂಗೀತದ ಪಾಠವಾಗುವಂತೆ ಏರ್ಪಾಡು ಮಾಡಿದರು. ತರುವಾಯ ಹಿಂದುಸ್ತಾನಿ ಪದ್ಧತಿಯಲ್ಲಿಯೂ ಪಳಗುವಂತೆ ಮಾಡಿದರು. ಹೀಗೆ ಎರಡೂ ಪದ್ಧತಿಗಳನ್ನು ಬಲ್ಲವರಾಗಿ, ಗಾಯನದೊಡನೆ ಹಾರ್ಮೋನಿಯಂ, ತಬಲಾ ಮುಂತಾದ ವಾದ್ಯಗಳಲ್ಲಿಯೂ ಕೈಪಳಗಿದವರಾಗಿ ಪಂಚಾಕ್ಷರಿ ಗವಾಯಿಗಳವರು ಹೊರಬಿದ್ದರು. ಅನ್ಯರ ಕೈಯನ್ನು ಹಿಡಿದು ನಡೆಯುತ್ತಿದ್ದ ಹುಡುಗನು ವಿದ್ವಾಂಸರ ಸಭೆಯಲ್ಲಿ ಸಮನಾಗಿ ಕುಳಿತುಕೊಳ್ಳುವಂತಾದನು.

ಇಷ್ಟಕ್ಕೆ ನಿಂತಿದ್ದರೆ ಒಬ್ಬ ಅಂಧ ಗಾಯಕನ ಭಾಗ್ಯೋದಯವಾಯಿತೆಂದು ಚರಿತ್ರೆಯು ಮುಗಿಯುತ್ತಿತ್ತು. ಆದರೆ ಗುರುವು ಶಿಷ್ಯನಿಂದ ಬೇರೊಂದನ್ನು ಬೇಡಿದನು. ತನ್ನಂತೆಯೇ ಕಣ್ಣಿಲ್ಲದವರಿಗೂ ದಿಕ್ಕಿಲ್ಲದವರಿಗೂ ಈ ವಿದ್ಯೆಯನ್ನು ಧಾರೆಯೆರೆಯಬೇಕು, ಬಾಳನ್ನು ಅವರ ಸೇವೆಗಾಗಿಯೇ ಮೀಸಲಿಡಬೇಕು ಎಂಬುದೇ ಆ ಬೇಡಿಕೆಯಾಗಿದ್ದಿತು. ಪಂಚಾಕ್ಷರಿ ಗವಾಯಿಗಳವರು ಅದನ್ನು ಶಿರಸಾವಹಿಸಿದರು. ಬ್ರಹ್ಮಚರ್ಯವ್ರತವನ್ನು ಕೈಕೊಂಡು ಕಡೆಯವರೆಗೂ ನಿರ್ವಂಚನೆಯಿಂದ ನಡೆಯಿಸಿದರು. ಆ ದಿನಗಳಲ್ಲಿ ಹೆಸರಾದ ಗವಾಯಿಗೆ ಸಂಸ್ಥಾನಿಕರ ಆಶ್ರಯವು ದುರ್ಲಭವಾಗಿರಲಿಲ್ಲ; ನಾಟಕ ಕಂಪನಿಗಳೂ ಕೈತುಂಬ ಸಂಬಳವನ್ನು ಕೊಡುತ್ತಿದ್ದವು. ಅಂಥ ಸುಖದ ದಾರಿಯನ್ನು ಬಿಟ್ಟು ಅವರು ಹಸಿದ ಮಕ್ಕಳ ಗುಂಪನ್ನು ಬೆನ್ನಿಗೆ ಕಟ್ಟಿಕೊಂಡು ಊರೂರಿಗೆ ಅಲೆಯುವ ದಾರಿಯನ್ನು ಆರಿಸಿಕೊಂಡರು.

ಅವರ ಸಂಗೀತ ಪಾಠಶಾಲೆಗೆ ಬಹುಕಾಲ ಸ್ವಂತದ ಗೋಡೆಗಳಿರಲಿಲ್ಲ. ನಿಡಗುಂದಿಕೊಪ್ಪದಲ್ಲಿ ಕೆಲಕಾಲ ನೆಲೆನಿಂತ ಆ ಶಾಲೆಯು ಸಂಚಾರಿ ಪಾಠಶಾಲೆಯೆಂದೇ ಖ್ಯಾತವಾಯಿತು. ಗುರುವು ಹೋದಲ್ಲಿ ಶಾಲೆಯು ಹೋಗುವದು. ಭಕ್ತರು ಇಳಿಸಿದಲ್ಲಿ ಪಾಠವು ನಡೆಯುವದು. ಮಠದ ಪಡಸಾಲೆಯೇ ಆಗಲಿ, ಗುಡಿಯ ಪೌಳಿಯೇ ಆಗಲಿ, ಬೆಳಗಿನ ಝಾವದಲ್ಲಿ ತಂಬೂರಿಯ ಶ್ರುತಿ ಎದ್ದಿತೆಂದರೆ ಅದೇ ಶಾಲೆ. ಊರಿನ ಭಕ್ತರು ಜೋಳ, ಅಕ್ಕಿ, ಬೇಳೆಗಳನ್ನು ಒದಗಿಸುವರು. ಮಕ್ಕಳು ಪುರಾಣ ಪ್ರವಚನಗಳಲ್ಲಿ, ಜಾತ್ರೆ ಉತ್ಸವಗಳಲ್ಲಿ ಹಾಡಿ ನುಡಿಸಿ ಆ ಋಣವನ್ನು ತೀರಿಸುವರು. ಬೇಡುವದಕ್ಕೂ ದುಡಿದು ಪಡೆಯುವದಕ್ಕೂ ಇರುವ ಅಂತರವು ಹುಡುಗರಿಗೆ ಎಳೆತನದಲ್ಲಿಯೇ ಹೀಗೆ ಮನದಟ್ಟಾಗುತ್ತಿತ್ತು. ಕಾಯಕದ ತತ್ತ್ವವನ್ನು ಗವಾಯಿಗಳವರು ಬಾಯಿಂದ ಬೋಧಿಸುವದಕ್ಕಿಂತ ಮೊದಲು ಬದುಕಿನಿಂದ ಬೋಧಿಸಿದರು. ಅವರಲ್ಲಿಗೆ ಬಂದ ಮಗುವಿನ ಜಾತಿಯು ಯಾವದೆಂದು ಕೇಳುವ ವಾಡಿಕೆಯೂ ಇರಲಿಲ್ಲ. ಹಸಿವು ಮತ್ತು ಅನಾಥತನ ಇವೇ ಅಲ್ಲಿಯ ಪ್ರವೇಶಪತ್ರಗಳಾಗಿದ್ದವು.

ಕಣ್ಣಿಲ್ಲದ ಗುರುವು ಕಣ್ಣಿಲ್ಲದ ಶಿಷ್ಯನಿಗೆ ಕಲಿಸುವ ರೀತಿಯು ವಿಚಾರಯೋಗ್ಯವಾದುದು. ಈ ವಿದ್ಯೆಯಲ್ಲಿ ಬರೆದಿಟ್ಟ ಪುಸ್ತಕದ ಗೊಡವೆಯಿಲ್ಲ; ಕಿವಿಯೇ ಪುಸ್ತಕ, ನಾಲಗೆಯೇ ಲೇಖನಿ. ಹಾರ್ಮೋನಿಯಮ್ಮಿನಲ್ಲಿ ಕರಿಯ ಮನೆಗಳು ಎರಡು ಮೂರರ ಗುಂಪಾಗಿ ಮೇಲೆದ್ದು ನಿಂತಿರುವದರಿಂದ ಬೆರಳು ಅವನ್ನು ಮುಟ್ಟಿ ಸ್ವರದ ಸ್ಥಾನವನ್ನು ಗುರುತಿಸಿಕೊಳ್ಳಬಲ್ಲದು. ತಬಲೆಯ ಬೋಲುಗಳನ್ನು ಮೊದಲು ಬಾಯಲ್ಲಿ ಹೇಳಿಸಿ, ಲೆಕ್ಕವು ತಪ್ಪದಂತಾದ ಮೇಲೆ ಕೈಗೆ ಇಳಿಸುವರು. ತಾಳವನ್ನು ಕೈಮೇಲೆ ಕೈಯಿಟ್ಟು ಕಲಿಸಬಹುದು. ತಬಲೆಯನ್ನು ಸುತ್ತಿಗೆಯಿಂದ ಶ್ರುತಿಗೆ ಕೂಡಿಸುವದಕ್ಕೆ ಕಿವಿಯೇ ಸಾಕು. ಎಲ್ಲ ಮಕ್ಕಳಿಗೂ ಕಂಠವು ಒದಗುವದಿಲ್ಲ. ಕಂಠವಿಲ್ಲದವನಿಗೆ ಲಯವಿದ್ದೀತು, ಲಯವು ತೀಕ್ಷ್ಣವಲ್ಲದವನಿಗೆ ಬೆರಳಿನ ಚುರುಕು ಇದ್ದೀತು. ಯಾವ ಹುಡುಗನಿಗೆ ಯಾವದು ಒಲಿದೀತೆಂಬುದನ್ನು ಅರಿತು ಅದನ್ನು ಅವನ ಕೈಗೆ ಕೊಡುವದರಲ್ಲಿಯೇ ಇಂಥ ಗುರುವಿನ ದೃಷ್ಟಿಯು ಇರುವದು. ಪುರಾಣಿಕರಿಗೆ ಗವಾಯಿ ಬೇಕು, ಕೀರ್ತನಕಾರರಿಗೆ ತಬಲಜಿ ಬೇಕು, ನಾಟಕ ಮಂಡಳಿಗೆ ಹಾರ್ಮೋನಿಯಂ ಮಾಸ್ತರರು ಬೇಕು, ಊರಿನ ಮಕ್ಕಳಿಗೆ ಸಂಗೀತದ ಶಿಕ್ಷಕರು ಬೇಕು. ನಾಡಿನಲ್ಲಿ ನಿಜವಾಗಿ ಕೆಲಸವಿದ್ದ ಈ ದಾರಿಗಳು ಆಶ್ರಮದಿಂದ ಹೊರಡುವ ಹುಡುಗನ ಮುಂದೆ ತೆರೆದುಕೊಂಡವು.

ವಿದ್ಯೆ ಕಲಿತ ಮಾತ್ರಕ್ಕೆ ಮಾನವು ಬರುವದಿಲ್ಲ. ಅನಾಥನೆಂದು ಒಮ್ಮೆ ಗುರುತಿಸಲ್ಪಟ್ಟವನನ್ನು ಲೋಕವು ಕಡೆಯವರೆಗೂ ಕರುಣೆಯ ಕಣ್ಣಿನಿಂದಲೇ ನೋಡುವದು. ಕರುಣೆಯಲ್ಲಿ ಗೌರವವು ಕೂಡಿರುವದು ಅಪರೂಪ. ಅದಕ್ಕಾಗಿ ಅವನ ಪರವಾಗಿ ಸಭೆಯಲ್ಲಿ ನಿಲ್ಲುವವರೊಬ್ಬರು ಬೇಕು. ಗವಾಯಿಗಳವರು ಹಾಗೆ ನಿಂತರೆಂಬುದಕ್ಕೆ ಬಸವರಾಜ ರಾಜಗುರುಗಳ ವೃತ್ತಾಂತವು ಸಾಕ್ಷಿಯಾಗಿದೆ. ಕುಂದಗೋಳ ತಾಲೂಕಿನ ಯಲಿವಾಳದಲ್ಲಿ ಹುಟ್ಟಿದ ಬಸವರಾಜನು ಸಂಗೀತಬಲ್ಲ ತಂದೆಯನ್ನು ಹದಿಮೂರನೆಯ ವಯಸ್ಸಿನಲ್ಲಿಯೇ ಕಳೆದುಕೊಂಡನು. ದಿಕ್ಕುತಪ್ಪಿದ ಆ ಹುಡುಗನ ಕಂಠದ ಸತ್ವವನ್ನು ಗವಾಯಿಗಳವರು ಕಂಡುಹಿಡಿದು, ಅವನನ್ನು ತಮ್ಮ ಜೊತೆಗೆ ಕರೆದುಕೊಂಡು ಬಂದು ವರುಷಗಟ್ಟಲೆ ವಿದ್ಯೆಯನ್ನು ಎರೆದರು. 1936ರಲ್ಲಿ ವಿಜಯನಗರ ಸಾಮ್ರಾಜ್ಯವು ಸ್ಥಾಪಿತವಾಗಿ ಆರುನೂರು ವರುಷಗಳು ತುಂಬಿದ ನಿಮಿತ್ತ ಹಂಪೆಯಲ್ಲಿ ಮಹೋತ್ಸವವು ಜರುಗಿತು. ನಾಡಿನ ಗಣ್ಯರೆಲ್ಲ ನೆರೆದಿದ್ದ ಆ ಸಭೆಯಲ್ಲಿ ತರುಣ ಬಸವರಾಜನು ಹಾಡಲು ಕುಳಿತನು. ಅವನಿಗೆ ತಬಲಾ ನುಡಿಸುವದಕ್ಕಾಗಿ ಪಕ್ಕದಲ್ಲಿ ಕುಳಿತವರು ಸ್ವತಃ ಪಂಚಾಕ್ಷರಿ ಗವಾಯಿಗಳವರೇ.

ಈ ಒಂದು ಸಂಗತಿಯ ಅರ್ಥವನ್ನು ಸಂಗೀತಸಭೆಯ ಮರ್ಯಾದೆಯನ್ನು ಬಲ್ಲವರು ಕೂಡಲೇ ತಿಳಿಯುವರು. ಗುರುವು ನಡುವೆ ಕುಳಿತು ಶಿಷ್ಯನು ಬದಿಗೆ ಕುಳಿತುಕೊಳ್ಳುವದು ಲೋಕರೂಢಿ. ಗವಾಯಿಗಳವರು ಆ ರೂಢಿಯನ್ನು ತಿರುವಿಹಾಕಿ ತಂದೆಯಿಲ್ಲದ ಹುಡುಗನನ್ನು ನಡುವಿನ ಆಸನದಲ್ಲಿ ಕೂಡ್ರಿಸಿ, ತಾವು ಅವನ ಲಯವನ್ನು ಕಾಯುವವರಾದರು. ಇವನು ನನ್ನವನು, ಇವನ ವಿದ್ಯೆಗೆ ನಾನು ಹೊಣೆಯೆಂದು ಸಹಸ್ರಾರು ಜನರ ಮುಂದೆ ತೋರಿಸುವದಕ್ಕೆ ಇದಕ್ಕಿಂತ ಉಚ್ಚವಾದ ಬೇರೆ ರೀತಿಯು ಇರಲಾರದು. ಆ ದಿನದಿಂದ ಬಸವರಾಜ ರಾಜಗುರುಗಳು ಹಿಂದೆ ನೋಡಲಿಲ್ಲ. ಹಿಂದುಸ್ತಾನಿ ಗಾಯಕರಲ್ಲಿ ಅಗ್ರಪಂಕ್ತಿಗೆ ಏರಿ, 1975ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನೂ 1991ರಲ್ಲಿ ಪದ್ಮಭೂಷಣ ಪ್ರಶಸ್ತಿಯನ್ನೂ ಪಡೆದು, ಅದೇ 1991ರಲ್ಲಿ ಕೀರ್ತಿಶೇಷರಾದರು. ವಚನಗಾಯನದಿಂದ ಜನಮನವನ್ನು ಸೂರೆಗೊಂಡ ಸಿದ್ದರಾಮ ಜಂಬಲದಿನ್ನಿಯವರೂ ಇದೇ ಗುರುವಿನ ಶಿಷ್ಯರು.

1930ರಲ್ಲಿ ಶ್ರೀ ಕುಮಾರ ಮಹಾಸ್ವಾಮಿಗಳವರು ಲಿಂಗೈಕ್ಯರಾದರು. ಆಶ್ರಿತ ಮಕ್ಕಳ ತಂದೆಯಾಗಿದ್ದ ಗವಾಯಿಗಳವರು ಆ ದಿನ ತಾವೇ ತಂದೆಯನ್ನು ಕಳೆದುಕೊಂಡ ಮಗುವಾದರು. ಬೆನ್ನ ಹಿಂದೆ ನಿಂತಿದ್ದ ಆ ಮಹಾಶಕ್ತಿಯು ಮರೆಯಾದ ಮೇಲೆ ನಿತ್ಯದ ಅನ್ನದ ಚಿಂತೆಯು ಇನ್ನಷ್ಟು ಭಾರವಾಯಿತು. ಮಕ್ಕಳ ಸಂಖ್ಯೆಯು ಬೆಳೆಯುತ್ತಿದ್ದಿತು. ಸ್ಥಿರವಾದ ಆದಾಯವು ಇರಲಿಲ್ಲ. ಮಳೆ ಹೋದ ವರುಷ ಭಕ್ತರ ಮನೆಯ ಹಗೆಯವೇ ಬರಿದಾಗಿರುವಾಗ ಮಠಕ್ಕೆ ಬರುವದೇನು? ಅಲೆದಾಟದ ಶಾಲೆಯನ್ನು ಮುಚ್ಚಿ ಮಕ್ಕಳನ್ನು ಬಂದ ದಾರಿಗೆ ಕಳಿಸುವದು ಸುಲಭವಾಗಿದ್ದಿತು. ಆದರೆ ಅವರು ಬಂದ ದಾರಿಯ ಕೊನೆಯಲ್ಲಿ ಮನೆಗಳೇ ಇರಲಿಲ್ಲವೆಂಬುದನ್ನು ಗವಾಯಿಗಳವರು ಬಲ್ಲವರಾಗಿದ್ದರು. ಗುರುವಿಗೆ ಕೊಟ್ಟ ಮಾತನ್ನು ಗುರುವಿನ ದೇಹದೊಡನೆ ಮಣ್ಣಿಗಿಡಲು ಅವರ ಮನಸ್ಸು ಒಪ್ಪಲಿಲ್ಲ. ಶಾಲೆಯು ನಡೆಯಿತು.

ಮುಂದೆ ಗದಗಿನ ಉದಾರಿಗಳಾದ ಬಸರಿಗಿಡದ ವೀರಪ್ಪನವರ ಆಶ್ರಯದಿಂದ ಆ ಶಾಲೆಗೆ ಗದಗಿನಲ್ಲಿ ನೆಲೆ ದೊರೆಯಿತು. ದಾತೃಗಳ ಹೆಸರಿನ ನೆನಪು ಉಳಿಯುವಂತೆ ಅದಕ್ಕೆ ವೀರೇಶ್ವರ ಪುಣ್ಯಾಶ್ರಮವೆಂಬ ನಾಮವು ಬಂದಿತು. ಊರೂರು ತಿರುಗಿದ ತಂಬೂರಿಯು ಕಡೆಗೊಂದು ಗೋಡೆಗೆ ಒರಗಿ ನಿಂತಿತು. ಒಬ್ಬ ಗೃಹಸ್ಥನ ದಾನವು ಸಾವಿರಾರು ಮನೆಯಿಲ್ಲದ ಮಕ್ಕಳಿಗೆ ಮನೆಯಾದುದನ್ನು ನೋಡಿದರೆ ಭಕ್ತನ ಕೈಯಿಂದ ಸಲ್ಲುವ ಒಂದು ತುಂಡು ನೆಲದ ಬೆಲೆಯು ಎಷ್ಟೆಂಬುದು ತಿಳಿಯುವದು.

1944ನೆಯ ಇಸವಿಯ ಜೂನ್ 11ರಂದು ಗವಾಯಿಗಳವರು ತಮ್ಮ 52ನೆಯ ವಯಸ್ಸಿನಲ್ಲಿ ಶಿವಸಾಯುಜ್ಯವನ್ನು ಪಡೆದರು. ಅವರ ಕಾರ್ಯದ ನಿಜವಾದ ಪರೀಕ್ಷೆಯು ಆ ದಿನ ಆರಂಭವಾಯಿತು. ಹೊರಗಿನ ಒಬ್ಬ ಶ್ರೀಮಂತನೋ ಅಧಿಕಾರಿಯೋ ಬಂದು ಆಶ್ರಮವನ್ನು ಎತ್ತಿಹಿಡಿಯಬೇಕಾಗಲಿಲ್ಲ. ಅಲ್ಲಿಯೇ ಬೆಳೆದ ಮಗನೊಬ್ಬನು ಅದನ್ನು ಎತ್ತಿಹಿಡಿದನು. ಅವರೇ ಶ್ರೀ ಪುಟ್ಟರಾಜ ಗವಾಯಿಗಳವರು. 1914ರ ಮಾರ್ಚ್ 3ರಂದು ಹಾವೇರಿಯ ಹತ್ತರದ ದೇವಗಿರಿಯಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲಿಯೇ ಕಣ್ಣನ್ನೂ ಹೆತ್ತವರನ್ನೂ ಕಳೆದುಕೊಂಡು ಸೋದರಮಾವನ ಮನೆಯಲ್ಲಿದ್ದರು. ಮಾವನ ಹಾರ್ಮೋನಿಯಮ್ಮಿನ ಮೇಲೆ ಮಗುವಿನ ಬೆರಳು ತಾನಾಗಿ ಸ್ವರವನ್ನು ಹುಡುಕುತ್ತಿದ್ದುದನ್ನು ಕಂಡ ಆ ಮಾವನೇ ಅವರನ್ನು ಪಂಚಾಕ್ಷರಿ ಗವಾಯಿಗಳವರ ಉಡಿಗೆ ಹಾಕಿದನು. ಗುರುವು ಅಗಲಿದಾಗ ಪುಟ್ಟರಾಜರಿಗೆ 30 ವರುಷ. ಅಲ್ಲಿಂದ ಮುಂದೆ 66 ವರುಷಗಳ ಕಾಲ, 2010ರ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾಗುವವರೆಗೆ, ಅವರು ಆ ಆಶ್ರಮದ ಭಾರವನ್ನು ಹೊತ್ತರು. ಕನ್ನಡ, ಸಂಸ್ಕೃತ, ಹಿಂದೀ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. ತಾವೇ ನಾಟಕಗಳನ್ನು ಬರೆದು, ಗುರು ಕುಮಾರೇಶ್ವರರ ಹೆಸರಿನ ನಾಟ್ಯಸಂಘದಿಂದ ಆಡಿಸಿ, ಬಂದ ಹಣದಿಂದ ಮಕ್ಕಳ ಹೊಟ್ಟೆಯನ್ನು ತುಂಬಿಸಿದರು. 2010ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಭೂಷಣವನ್ನಿತ್ತು ಗೌರವಿಸಿತು.

ಆಶ್ರಯದಲ್ಲಿ ಬೆಳೆದವನು ಆಶ್ರಯದಾತನಾಗುವ ಈ ಪರಂಪರೆಯೇ ಪಂಚಾಕ್ಷರಿ ಗವಾಯಿಗಳವರ ಶ್ರೇಷ್ಠ ಕೃತಿ. ಕುಮಾರ ಮಹಾಸ್ವಾಮಿಗಳವರಿಂದ ಪಂಚಾಕ್ಷರಿಗಳಿಗೆ, ಪಂಚಾಕ್ಷರಿಗಳಿಂದ ಪುಟ್ಟರಾಜರಿಗೆ ದೀಪದಿಂದ ದೀಪವು ಹೊತ್ತಿತು. 1950ರ ಜನವರಿಯಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರವು ಆರಂಭವಾದ ಮೇಲೆ ನಾಡಿನ ಗಾಯಕವಾದಕರಿಗೆ ಹೊಸದೊಂದು ಬಾಗಿಲು ತೆರೆದಂತಾಯಿತು. ಕಣ್ಣಿಲ್ಲದವನ ಧ್ವನಿಯೂ ಕಣ್ಣುಳ್ಳವನ ಧ್ವನಿಯೂ ಅಲ್ಲಿ ಒಂದೇ ಆಗಿ ಕೇಳುವದಷ್ಟೆ. ಇಂದಿಗೂ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಶ್ರಾವಣದ ಪುರಾಣ ನಡೆಯುವಾಗ ಪುರಾಣಿಕರ ಮಗ್ಗುಲಲ್ಲಿ ಕುಳಿತ ಗವಾಯಿಯು ಗದಗಿನ ಆಶ್ರಮದವನೆಂದು ಕೇಳಿದರೆ ಜನರು ತಲೆದೂಗುವರು. ಒಂದು ಕಾಲಕ್ಕೆ ಅನಾಥನೆಂಬುದರ ಗುರುತಾಗಿದ್ದ ಆ ಹೆಸರು ವಿದ್ಯಾವಂತನೆಂಬುದರ ಗುರುತಾಗಿ ಮಾರ್ಪಟ್ಟಿರುವದು.

ಕಾಲವು ಬದಲಾಗಿದೆ. ಸಂಗೀತವೊಂದೇ ಎಲ್ಲ ಮಕ್ಕಳಿಗೂ ಜೀವನೋಪಾಯವಾಗಲಾರದು. ಇಂದು ಅಂಧರು ಓದಿ ಅಧಿಕಾರಿಗಳೂ ಪ್ರಾಧ್ಯಾಪಕರೂ ಆಗಿರುವರು. ಅಂಗವಿಕಲರ ಹಕ್ಕುಗಳ 2016ರ ಕಾನೂನು ಸರಕಾರಿ ನೌಕರಿಗಳಲ್ಲಿ ಅವರಿಗೆ ಪಾಲನ್ನು ಗೊತ್ತುಪಡಿಸಿದೆ. ಬಾಲನ್ಯಾಯದ 2015ರ ಕಾನೂನು, ಪಾಲನಾಗೃಹದಲ್ಲಿ ಬೆಳೆದ ಮಗುವಿಗೆ 18 ವರುಷ ತುಂಬಿದ ಮೇಲೆಯೂ 21ರ ವರೆಗೆ ನೆರವು ಸಲ್ಲಬಹುದೆಂದು ಹೇಳುತ್ತದೆ. ಬಾಗಿಲಿನ ಹೊರಗೆ ನಿಂತ ತರುಣನ ಚಿಂತೆಯು ರಾಜ್ಯದ ಶಾಸನಕ್ಕೂ ತಟ್ಟಿತೆಂಬುದು ಸಂತೋಷದ ಸಂಗತಿ. ಆದರೆ ಶಾಸನವು ಹಣವನ್ನು ಕೊಡಬಲ್ಲದು, ಕೊಠಡಿಯನ್ನು ಕೊಡಬಲ್ಲದು. ಸಭೆಯಲ್ಲಿ ಪಕ್ಕಕ್ಕೆ ಕುಳಿತು ಲಯವನ್ನು ಕಾಯಲಾರದು. ಆ ಕೆಲಸವು ಬಲ್ಲವರ ಪಾಲಿಗೆ, ಭಕ್ತರ ಪಾಲಿಗೆ ಉಳಿದಿರುವದು.

ಆದುದರಿಂದ ಮಠದ ಪ್ರಸಾದ ನಿಲಯದಲ್ಲಿ ಉಂಡು ಬೆಳೆದ ಹುಡುಗನೊಬ್ಬನು ಅಂಗಡಿಯಲ್ಲಿ ಕೆಲಸವನ್ನು ಕೇಳಿ ಬಂದಾಗ, ಬಾಡಿಗೆಗೆ ಮನೆಯನ್ನು ಕೇಳಿ ಬಂದಾಗ, ಹೆಣ್ಣು ಕೇಳುವದಕ್ಕೆ ಹಿರಿಯರಿಲ್ಲದೆ ನಿಂತಾಗ, ಇವನು ನಮ್ಮವನೆಂದು ಹೇಳುವ ಒಂದು ಬಾಯಿ ಆ ಊರಿನಲ್ಲಿ ಇರತಕ್ಕದ್ದು. ಜಂಗಮನ ಜೋಳಿಗೆಗೆ ಒಂದು ಸೇರು ಜೋಳವನ್ನು ನೀಡಿದಷ್ಟೇ ಪುಣ್ಯವು ಆ ಒಂದು ಮಾತಿನಲ್ಲಿಯೂ ಇರುವದು. ಗಾನಯೋಗಿಗಳವರ ಗದ್ದುಗೆಯು ಗದಗಿನಲ್ಲಿರುವದು. ಅವರ ವ್ರತವನ್ನು ಮುಂದುವರಿಸುವ ಸ್ಥಳವಾದರೋ ಪ್ರತಿಯೊಬ್ಬ ಭಕ್ತನ ಮನೆಯ ಬಾಗಿಲೇ ಆಗಿದೆ. ಅನಾಥರನ್ನು ನಾಥರನ್ನಾಗಿ ಮಾಡಿದ ಆ ಮಹಾಗುರುವಿನ ಸ್ಮರಣೆಯು ಸದ್ಭಕ್ತರ ಹೃದಯದಲ್ಲಿ ಅಖಂಡವಾಗಿ ಬೆಳಗುತ್ತಿರಲಿ.